ಸಾಹೇಬರ ಮೇಜಿನ ಆಲಕ್ಕೆ ನೀರು ಹೆಚ್ಚಾದ ಬಗ್ಗೆ

ಇಂದ,
ಅಜಯ ಮುತ್ತಪ್ಪ ಬೆಳಗಲಿ,
ದ್ವಿತೀಯ ದರ್ಜೆ ಸಹಾಯಕ (ಗಿಡದ ಹೆಚ್ಚುವರಿ ಪ್ರಭಾರ),
ಪುನರ್ವಸತಿ ಕೇಂದ್ರದ ಕಚೇರಿ, ಬೀಳಗಿ ತಾಲೂಕು.

ಗೆ,
ಮಾನ್ಯ ಸಾಹೇಬರು, ಸದರಿ ಕಚೇರಿ,
ಹಾಲಿ ಮೊಕ್ಕಾಂ: ತರಬೇತಿ, ಧಾರವಾಡ.

ವಿಷಯ: ತಮ್ಮ ಮೇಜಿನ ಮೇಲಿನ ಫೈಕಸ್ ಬೋನ್ಸಾಯ್ ಗಿಡಕ್ಕೆ ತಗುಲಿದ ಕೀಟ, ನೀರು ಮತ್ತು ಭಕ್ತಿಯ ಕುರಿತು.

ಉಲ್ಲೇಖ: ಜೀಪು ಹತ್ತುವಾಗ ತಾವು ನೀಡಿದ ಮೌಖಿಕ ಆದೇಶ: "ಅಜಯಾ, ಗಿಡಾ ಒಣಗಿತಂದ್ರ ನಿನ್ನ ಒಣಗಸ್ತೇನಿ ನೋಡು."

ಮಾನ್ಯರೇ,

ತಾವು ಸೋಮವಾರ ಕೊಠಡಿಯೊಳಗೆ ಕಾಲಿಡುವ ಮೊದಲೇ ಈ ಅರ್ಜಿಯನ್ನು ಓದಬೇಕೆಂದು ಕೋರುತ್ತೇನೆ. ಗಿಡ ಒಣಗಿಲ್ಲ. ಒಂದು ದಿನವೂ ಒಣಗಲು ಬಿಟ್ಟಿಲ್ಲ. ತೊಂದರೆಯಾದದ್ದೇ ಆ ಕಾರಣದಿಂದ.

1. ಮೇಲಿನ ಆದೇಶದಂತೆ ನಾನು ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕುತ್ತಿದ್ದೆ. ಜೀಪಿನ ಬಾಗಿಲು ಹಿಡಿದು ನಿಂತಿದ್ದ ಸಿಪಾಯಿ ಲಗಮಪ್ಪನೂ ಆದೇಶ ಕೇಳಿಸಿಕೊಂಡಿದ್ದ ಕಾರಣ, ಅವನು ಸಂಜೆ ಒಂದು ಲೋಟ ಹಾಕುತ್ತಿದ್ದ. ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ.

2. ಕಾರಹುಣ್ಣಿಮೆಯ ಹಿಂದಿನ ದಿನ ಕಸ್ತೂರೆವ್ವ ಎಂಬ ಹಿರಿಯ ಹೆಣ್ಣುಮಗಳು ಹಕ್ಕುಪತ್ರ ವಿಚಾರಿಸಲು ಬಂದರು. ಬಾಗಿಲಲ್ಲೇ ನಿಂತು ತಮ್ಮ ಮೇಜು ನೋಡಿದರು.

"ಅದೇನ ತಮ್ಮಾ?"

"ಫೈಕಸ್‌ರೀ ಯವ್ವಾ."

"ಹಂಗಂದ್ರ?"

"ಆಲದ ಜಾತಿರಿ."

ಇದನ್ನು ನಾನು ಸಾಮಾನ್ಯ ಜ್ಞಾನದ ದೃಷ್ಟಿಯಿಂದ ಹೇಳಿದ್ದು. ಆದರೆ ಅವರ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ, ಊರ ಮುಂದಿನ ಆಲದ ಮರವೂ ಹೋಗಿದೆ. ಹೊಸ ಊರಲ್ಲಿ ಜಾಲಿ ಬಿಟ್ಟರೆ ಮತ್ತೊಂದು ಮರವಿಲ್ಲ. ಹುಣ್ಣಿಮೆಗೆ ನೂಲು ಸುತ್ತಲು ಅವರಿಗೆ ಎಲ್ಲಿಯೂ ಆಲ ಸಿಕ್ಕಿರಲಿಲ್ಲ.

"ಒಂದ ಎಳಿ ನೂಲ ಸುತ್ತಿ ಹೊಕ್ಕೇನಪಾ. ನಿಮ್ಮ ಸಾಹೇಬ್ರ ಕುರ್ಚಿ ಮುಟ್ಟೂದಿಲ್ಲ," ಎಂದರು.

ಪ್ರಭಾರಿಯಾದ ನಾನು ಅನುಮತಿ ನೀಡಿದೆ.

3. ಮರುದಿನ ಇಡೀ ಓಣಿ ಬಂತು. ಪ್ರದಕ್ಷಿಣೆಗೆ ಗೋಡೆ ಅಡ್ಡವಾದ್ದರಿಂದ ಮೇಜನ್ನು ಕೊಠಡಿಯ ನಡುವೆ ಎಳೆಯಲಾಯಿತು. ಕುರ್ಚಿಯೂ ಜೊತೆಗೇ ಬಂದ ಕಾರಣ, ತಮ್ಮ ಕುರ್ಚಿಗೂ ಪ್ರದಕ್ಷಿಣೆ ಸಂದಿದೆ. ಇದಕ್ಕೆ ನಾನು ಹೊಣೆಯಲ್ಲ. ಪ್ರತಿಯೊಬ್ಬರೂ ಒಂದೊಂದು ತಂಬಿಗೆ ನೀರು ಹಾಕಿದರು. ಹಬ್ಬ ಮುಗಿದರೂ ಸೋಮವಾರ, ಶುಕ್ರವಾರ ಬರುವುದು ನಿಲ್ಲಲಿಲ್ಲ. ಹಾಲು, ಸಕ್ಕರೆ, ವಿಭೂತಿ, ಕುಂಕುಮ ಎಲ್ಲವೂ ಸಲ್ಲಿಕೆಯಾದವು.

4. ಅನಂತರ ಎಲೆಗಳು ಹಳದಿಯಾಗಿ ಉದುರತೊಡಗಿದವು. "ನೀರ ಸಾಲವಲ್ದರಿ," ಎಂದು ಲಗಮಪ್ಪ ಎರಡನೇ ಲೋಟ ಶುರುಮಾಡಿದ. ನಾನು ಮಹಾಲಿಂಗಪುರದ ಒಂದು ನರ್ಸರಿಗೆ ಹೋಗಿ ವಿಚಾರಿಸಿದೆ. ಬಿಳಿ ಹಿಟ್ಟಿನಂತೆ ಕಂಡರೆ ಹಿಟ್ಟುತಿಗಣೆ, ಕೆಂಪು ಚುಕ್ಕೆ ಕಂಡರೆ ನುಸಿ, ಎಲೆ ಅಂಟಂಟಾಗಿ ಇರುವೆ ಹತ್ತಿದರೆ ರಸ ಹೀರುವ ಹುಳು ಎಂದು ತಿಳಿಸಿದರು. ಬಂದು ನೋಡಿದರೆ ತಮ್ಮ ಗಿಡಕ್ಕೆ ಮೂರೂ ಇದ್ದವು!

ಆದರೆ ಬಿಳಿಯದು ವಿಭೂತಿಯೂ ಆಗಬಹುದು, ಕೆಂಪು ಕುಂಕುಮವೂ ಆಗಬಹುದು, ಅಂಟು ಸಕ್ಕರೆ ಹಾಲೂ ಆಗಬಹುದು. ಆದ್ದರಿಂದ ಪರಿಶೀಲನೆ ಕೈಗೊಂಡೆ. ಊದಿದೆ, ಬಿಳಿಯದು ಹಾರಿತು: ವಿಭೂತಿ. ಬಿಳಿ ಹಾಳೆಯ ಮೇಲೆ ಟೊಂಗೆ ಬಡಿದೆ. ಉದುರಿದ ಕೆಂಪು ನಡೆದಾಡಲಿಲ್ಲ: ಕುಂಕುಮ. ಅಂಟಿನ ಜಾಡು ಹಿಡಿದು ಕಾಂಡದ ಮೇಲಿನ ಕಂದು ಗುಳ್ಳೆಗಳನ್ನು ಉಗುರಿನಿಂದ ಕೆರೆದೆ, ಕಳಚಿ ಬಂದವು. ಅವು ಹುಳುವೇ. ಮೆತ್ತಗಿನ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ಒಂದೊಂದನ್ನೇ ತೆಗೆದೆ. ಹುಳು ಹೋದವು. ಎಲೆ ಉದುರುವುದು ನಿಲ್ಲಲಿಲ್ಲ.

ಕೊನೆಗೆ ಮಣ್ಣಿನೊಳಗೆ ಬೆರಳಿಟ್ಟೆ. ಅದು ಮಣ್ಣಾಗಿರಲಿಲ್ಲ, ರಾಡಿಯಾಗಿತ್ತು. ಹುಳಿ ವಾಸನೆ ಹೊಡೆಯಿತು.

5. ಅಂದು ಶುಕ್ರವಾರ. ಕಸ್ತೂರೆವ್ವ ತಂಬಿಗೆ ಹಿಡಿದು ಬಂದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಯವ್ವಾ, ನೀರ ಬ್ಯಾಡ್ರಿ. ನೀರಿಗೇ ಸಾಯಾಕತ್ತೈತಿ."

"ನೀರ ಹಾಕಿದ್ರ ಗಿಡಾ ಸಾಯ್ತೈತೇನೋ ಹುಚ್ಚಪ್ಪಾ? ನಿನಗ ನೌಕರಿ ಯಾರ ಕೊಟ್ಟಾರ?"

"ಬೇರಿಗೆ ಉಸರಾಡಾಕ ಜಾಗಾ ಬೇಕ್ರಿ. ನೀರಾಗ ನಿಂತ್ರ ಬೇರ ಕೊಳಿತಾವ. ಮ್ಯಾಲ ಎಲಿ ಹಳದಿ ಆಗಿ ಉದುರ್ತಾವ."

ಅವರ ಮುಖದ ಮೇಲಿನ ಸಿಟ್ಟು ಇಳಿಯಿತು. ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಅಲ್ಲೇ ಕುಳಿತರು.

"ಹೌದ್ ತಮ್ಮಾ. ನಮ್ಮ ಆಲನೂ ಹಂಗ ಹೋತು. ನೀರ ಬಂದು ಬುಡಕ ನಿಂತಿತ್ತು. ನಾವು ಸಾಮಾನ ಟ್ರ್ಯಾಕ್ಟರಿಗೆ ಹೇರಾಕತ್ತಿದ್ವಿ. ಅಷ್ಟ ದೊಡ್ಡ ಮರಾ, ಎಲ್ಲಾ ಎಲಿ ಹಳದಿ. ನಾ ನನ್ನ ಕಣ್ಣೀಲೆ ನೋಡೇನಿ. ಹಬ್ಬಕ್ಕ ಅರಿಷಿಣ ಹಚ್ಕೊಂಡಂಗ ಕಾಣತಿತ್ತು."

ಲಗಮಪ್ಪ ಎದ್ದು ಹೋಗಿ ಅವರಿಗೆ ಚಹಾ ತಂದ.

ಚಹಾ ಕುಡಿದು ಸೆರಗು ಸಿಕ್ಕಿಸಿಕೊಂಡು ಅವರೇ ಎದ್ದರು. "ಕುಂತ್ರ ಆಗೂದಿಲ್ಲ. ಇದನ್ನರ ಉಳಸೂಣು ಏಳು."

6. ಮೂವರೂ ಸೇರಿ ಗಿಡವನ್ನು ತಟ್ಟೆಯಿಂದ ಎತ್ತಿದೆವು. ತಟ್ಟೆಯ ತಳದಲ್ಲಿ ನೀರು ಇಳಿಯುವ ತೂತನ್ನು ಯಾರೋ ಎಂ-ಸೀಲ್ ಹಾಕಿ ಮುಚ್ಚಿದ್ದರು. ನಾನು ಲಗಮಪ್ಪನ ಕಡೆ ನೋಡಿದೆ.

"ಫೈಲಿನ ಮ್ಯಾಲ ಸೋರತಿತ್ರಿ," ಎಂದ. "ಫೈಲ್ ಹಾಳಾದ್ರ ಮೆಮೊ ಬರತೈತಿ. ಗಿಡಾ ಹಾಳಾದ್ರ ಮೆಮೊ ಬರತೈತಂತ ನನಗ ಯಾರೂ ಹೇಳಿದ್ದಿಲ್ಲ."

ಈ ಬಗ್ಗೆ ಸುತ್ತೋಲೆ ಇಲ್ಲದ ಕಾರಣ ಅವನನ್ನು ಕ್ಷಮಿಸಬೇಕು. ಕೊಳೆತ ಬೇರು ಕತ್ತರಿಸಿ, ತೂತು ತೆರೆದು, ಮರಳು ಬೆರೆಸಿದ ಹೊಸ ಮಣ್ಣು ತುಂಬಿ ಕಿಟಕಿಯ ಬೆಳಕಿಗೆ ಇಟ್ಟೆವು. ಈಗ ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು. ಈ ನಿಯಮವನ್ನು ಕಸ್ತೂರೆವ್ವ ಜಾರಿಗೊಳಿಸಿದ್ದಾರೆ. ಹೋದ ವಾರ ಓಣಿಯ ಅನಸವ್ವ ತಂಬಿಗೆ ತಂದಾಗ, "ಮುಳುಗಿದ್ದು ಸಾಲಲಿಲ್ಲೇನಬೇ?" ಎಂದು ಗೇಟಿನಿಂದಲೇ ಹಿಂದೆ ಕಳಿಸಿದರು. ಮೊನ್ನೆಯಿಂದ ಗಿಡ ಚಿಗುರುತ್ತಿದೆ.

7. ಉಳಿದ ಬೇರಿಗೆ ಭಾರವಾಗಬಾರದೆಂದು ಒಂದು ಕೊಂಬೆಯನ್ನು ಕತ್ತರಿಸಬೇಕಾಯಿತು. ಆದ ಕಾರಣ ತಮ್ಮ ಗಿಡ ಈಗ ಎಡಕ್ಕೆ ವಾಲಿದಂತೆ ಕಾಣುತ್ತದೆ. ಕತ್ತರಿಸಿದ ಕಡೆ ಬಿಳಿ ಹಾಲು ಸೋರುತ್ತಿದ್ದ ಆ ಕೊಂಬೆಯನ್ನು ನಾನು ಎಸೆಯಲು ಹೋದಾಗ ಕಸ್ತೂರೆವ್ವ ಸೆರಗೊಡ್ಡಿದರು. ಒಯ್ದು ಅವರ ಓಣಿಯ ಬಾಯಲ್ಲಿ, ರಸ್ತೆಯ ಪಕ್ಕ ನೆಟ್ಟರು.

"ಇಲ್ಲಿ ಬರೇ ಮುರಮ್ ಕಲ್ಲಮಣ್ಣ ಐತ್ರಿ ಯವ್ವಾ, ಬೇರ ಹಿಡಿಯೂದು ಕಷ್ಟ," ಎಂದೆ.

"ನಾವ ಹಿಡಿಲಿಲ್ಲೇನು?" ಎಂದರು.

ಮಳೆಗಾಲವಾದ್ದರಿಂದಲೋ ಏನೋ, ಅದು ಹಿಡಿದಿದೆ. ಎರಡು ಎಲೆ ಬಂದಿವೆ. ಸುತ್ತ ಮುಳ್ಳಿನ ಬೇಲಿಯನ್ನೂ ಹಾಕಿದ್ದಾರೆ. ಆನಂತರ ಲಗಮಪ್ಪ ಹೊಸ ಊರಿನ ನಕ್ಷೆ ಬಿಚ್ಚಿ ತೋರಿಸಿದ: ಸದರಿ ಜಾಗವು ಬಸ್ ತಂಗುದಾಣಕ್ಕೆ ಮೀಸಲು.

ಆದ್ದರಿಂದ ಮಾನ್ಯರು ದಯಮಾಡಿ, ತಮ್ಮ ಗಿಡದ ಕೊಂಬೆಯನ್ನು ಪರವಾನಗಿ ಇಲ್ಲದೆ ಊರಿಗೆ ಕೊಟ್ಟದ್ದನ್ನು ಮಂಜೂರು ಮಾಡಬೇಕೆಂದೂ, ನನ್ನನ್ನು ಒಣಗಿಸುವ ಆದೇಶವನ್ನು ಹಿಂಪಡೆಯಬೇಕೆಂದೂ ಪ್ರಾರ್ಥಿಸುತ್ತೇನೆ.

ತಮ್ಮ ಹಾಗೂ ತಮ್ಮ ಗಿಡದ ವಿಶ್ವಾಸಿ,
ಅಜಯ ಮು. ಬೆಳಗಲಿ

ಅಡಕಗಳು: ತಟ್ಟೆಯಿಂದ ಕಿತ್ತ ಎಂ-ಸೀಲ್, ಒಂದು ತುಂಡು. ಹಳದಿ ಎಲೆ, ಒಂದು ಲಕೋಟೆ. ಲಗಮಪ್ಪನ ಹೆಬ್ಬೆಟ್ಟು (ಅವನಿಗೆ ಸಹಿ ಬರುತ್ತದೆ, ಕೈ ಮಣ್ಣಾಗಿತ್ತು).

ವಿ.ಸೂ.: ತಂಗುದಾಣ ಕಟ್ಟುವ ಹಣ ಇನ್ನೂ ಬಂದಿಲ್ಲ. ಬಸ್ಸೂ ಬಂದಿಲ್ಲ. ಜನ ಮಾತ್ರ ಬಿಸಿಲಲ್ಲಿ ನಿಲ್ಲುತ್ತಿದ್ದಾರೆ. ಆದಕಾರಣ ಸದರಿ ಕೊಂಬೆಯನ್ನೇ ತಂಗುದಾಣವೆಂದು ನಕ್ಷೆಯಲ್ಲಿ ತಿದ್ದಲು ಕೋರಿಕೆ. ತಂಗುದಾಣ, ಬಸ್ಸು, ಕೊಂಬೆ ಈ ಮೂರರಲ್ಲಿ ಬೆಳೆಯುತ್ತಿರುವುದು ಅದೊಂದೇ.