ಸಣ್ಣ ವ್ಯಾಗನ್ನಿಗೆ ತುಕ್ಕು ಹಿಡಿಸುವ ಕುರಿತು

ಸರಕು ಗಾಡಿಗಳ ಶಿಸ್ತು ಇಲಾಖೆ, ಹರಿಹರ ಕಚೇರಿ

ಕ್ರಮಾಂಕ: ಸ.ಗಾ.ಶಿ./ತುಕ್ಕು/4172/ಸಣ್ಣದು/61-62
ದಿನಾಂಕ: 19ನೇ ಆಗಸ್ಟ್ 1961

ಸುತ್ತೋಲೆ

ವಿಷಯ: ಖಾಸಗಿ ವ್ಯಕ್ತಿಗಳು ತಗಡಿನಲ್ಲಿ ಸರಕು ವ್ಯಾಗನ್ನಿನ ಮಾದರಿ ಮಾಡಿ, ಅದಕ್ಕೆ ತುಕ್ಕು, ಧೂಳು, ಹಕ್ಕಿ ಹಿಕ್ಕೆ, ತೂತು ಮುಂತಾದವುಗಳನ್ನು ಇಲಾಖೆಯ ಅನುಮತಿ ಇಲ್ಲದೆ ಉಂಟುಮಾಡುತ್ತಿರುವುದನ್ನು ಹತೋಟಿಗೆ ತರುವ ಬಗ್ಗೆ.

ಉಲ್ಲೇಖ:
(1) ದಾವಣಗೆರೆ ಗೂಡ್ಸ್ ಶೆಡ್ಡಿನ ಹಮಾಲ ಮಾಲತೇಶಪ್ಪನ ಅರ್ಜಿಗಳು, ಮೂರು. (ಓದಿಲ್ಲ.)
(2) ಸದರಿಯವನು ಈ ಕಚೇರಿಯ ಮೇಜಿನ ಮೇಲೆ ತಂದಿಟ್ಟ ವ್ಯಾಗನ್, ಒಂದು. (ಓದುವಂಥದ್ದಲ್ಲ.)
(3) ಮೇಲಿನ ಕಚೇರಿಯ ಪತ್ರ, ದಿನಾಂಕ 10-8-61. (ಎರಡು ಸಲ ಓದಲಾಗಿದೆ.)

ಪೀಠಿಕೆ:

ಕಳೆದ ಜೂನ್ 11ರಂದು ದಾವಣಗೆರೆ ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ನಂ. 4172ರಿಂದ ಬೆಲ್ಲದ ಮೂಟೆ ಇಳಿಸುತ್ತಿದ್ದ ಹಮಾಲ ಗಿಡ್ಡಪ್ಪ, ಬಿಲ್ಲೆ ನಂ. 17, ಜಾರಿ ಬಿದ್ದು ಎಡಗಾಲು ಮುರಿದುಕೊಂಡಿರುತ್ತಾನೆ. ಛಾವಣಿ ಸೋರಿ, ಬೆಲ್ಲ ಕರಗಿ, ವ್ಯಾಗನ್ನಿನ ನೆಲವೆಲ್ಲ ಪಾಕವಾಗಿತ್ತೆಂಬುದು ಹಮಾಲರ ವಾದ. ಈ ಕಚೇರಿಯು ಕುರ್ಚಿಯಿಂದ ಏಳದೆಯೇ ಕೂಲಂಕಷ ತನಿಖೆ ನಡೆಸಿ, ಛಾವಣಿ ಸೋರುವುದಿಲ್ಲವೆಂದೂ, ಬೆಲ್ಲ ಕರಗಿದ್ದು ಹಮಾಲರ ಬೆವರಿನಿಂದೆಂದೂ, ಬೆಲ್ಲದ ಹತ್ತಿರ ಅಷ್ಟೊಂದು ಬೆವರುವುದು ಅಜಾಗರೂಕತೆಯೆಂದೂ ವರದಿ ಬರೆದು, ಗಿಡ್ಡಪ್ಪನ ಹಿತ್ತಾಳೆ ಬಿಲ್ಲೆಯನ್ನು ಕಸಿದುಕೊಂಡು ಮೇಜಿನ ಖಾನೆಯಲ್ಲಿ ಇಟ್ಟಿರುತ್ತದೆ. ಬಿಲ್ಲೆ ಇಲ್ಲದವನಿಗೆ ಶೆಡ್ಡಿನೊಳಗೆ ಕೆಲಸವಿಲ್ಲ. ಕಾಲು ಕೂಡಿದ ಮೇಲೂ ಸದರಿಯವನು ದಿನಾ ಗೇಟಿನ ಹೊರಗೇ ಕೂತು ಸಂಜೆ ಮನೆಗೆ ಹೋಗುತ್ತಿದ್ದುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಗಮನಕ್ಕೆ ಬಂದದ್ದನ್ನು ಗಮನಿಸಲಾಗಿರುವುದಿಲ್ಲ.

ಗಿಡ್ಡಪ್ಪನ ಜೋಡಿ ಮೂಟೆ ಹೊರುವ ಆನೆಕೊಂಡದ ಮಾಲತೇಶಪ್ಪನು ಛಾವಣಿಯನ್ನು ಬಂದು ನೋಡಬೇಕೆಂದು ಮೂರು ಅರ್ಜಿ ಕೊಟ್ಟು, ಯಾರೂ ಹೋಗದ ಕಾರಣ, ಜುಲೈ 24ರಂದು ಒಂದು ಮೊಳ ಉದ್ದದ ವ್ಯಾಗನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಬಂದಿರುತ್ತಾನೆ. ಅದು ಶೇಂಗಾ ಎಣ್ಣೆ ಡಬ್ಬಿಯ ತಗಡಿನಿಂದಾದದ್ದು. ಗಾಲಿಗಳು ಮಿಲ್ಲಿನ ನೂಲಿನ ಉರುಳೆ ಕೊಯ್ದು ಮಾಡಿದವು; ಗಾಲಿಯ ಮೇಲಿನ ಸ್ಪ್ರಿಂಗು ಹಳೇ ಛತ್ರಿಯ ಕಡ್ಡಿ; ರಿವೆಟ್ಟುಗಳನ್ನು ತಗಡಿನ ಒಳಬದಿಯಿಂದ ಮೊಳೆ ಚುಚ್ಚಿ ಉಬ್ಬಿಸಲಾಗಿದ್ದು, ಒಟ್ಟು ಮುನ್ನೂರ ನಲವತ್ತು. ಬಾಗಿಲ ಚಿಲಕ ಸೊಟ್ಟಗಿದೆ, ಯಾಕೆಂದರೆ ದೊಡ್ಡದರ ಚಿಲಕವೂ ಸೊಟ್ಟಗಿದೆ. ಛಾವಣಿಯ ಬಲ ಮೂಲೆಯಲ್ಲಿ ತೂತು ಇದೆ, ಯಾಕೆಂದರೆ, ಸದರಿಯವನ ಪ್ರಕಾರ, ದೊಡ್ಡದರಲ್ಲೂ ಇದೆ. ಬಾಗಿಲ ಮೇಲೆ 4172 ಎಂಬ ನಂಬರು ಬಿಳಿ ಬಣ್ಣದಲ್ಲಿದೆ.

ಸದರಿಯವನ ಹೇಳಿಕೆಯನ್ನು ಇದ್ದಹಾಗೇ ಬರೆದುಕೊಳ್ಳಲಾಗಿದೆ: "ಬಂದು ನೋಡ್ರಿ ಅಂದ್ರೆ ಮೊದ್ಲು ಬಿಸ್ಲು ಅಂದ್ರಿ. ಆಮ್ಯಾಲೆ ಮಳೆ ಅಂದ್ರಿ. ಗಾಡಿ ತಾವ ನೀವು ಬರಂಗಿಲ್ಲ, ಅದ್ಕೆ ಗಾಡೀನೇ ಎತ್ಕಂಡು ಬಂದೀನಿ. ಈಗ ಕುಂತಲ್ಲೇ ಕುಂತು ನೋಡ್ರಿ ಸಾಹೇಬ್ರೆ, ಸೊಂಟ ನೋಯಂಗಿಲ್ಲ."

ಹೀಗೆಂದು ಮೇಜಿನ ಮೇಲಿದ್ದ ಗಿಡ್ಡಪ್ಪನ ಕಡತದ ಮೇಲೆಯೇ ವ್ಯಾಗನ್ನನ್ನು ನಿಲ್ಲಿಸಿ, ಶಿಸ್ತು ಅಧಿಕಾರಿ ಸಾಹೇಬರು ಕುಡಿಯಲು ಇಟ್ಟುಕೊಂಡಿದ್ದ ಒಂದು ಲೋಟ ನೀರನ್ನು ಅದರ ಛಾವಣಿಗೆ ಸುರಿದಿರುತ್ತಾನೆ. ನೀರು ತೂತಿನಲ್ಲಿ ಇಳಿದು, ನೆಲದ ಸಂದಿನಲ್ಲಿ ಹಾದು, ಕಡತದ ಏಳನೇ ಹಾಳೆಯವರೆಗೆ ಪ್ರಯಾಣ ಬೆಳೆಸಿರುತ್ತದೆ. ಏಳನೇ ಹಾಳೆಯಲ್ಲಿ "ಛಾವಣಿ ಸೋರುವುದಿಲ್ಲ" ಎಂಬ ವರದಿ ಇದ್ದು, ಅದರ ಶಾಯಿ ಹರಡಿ ಈಗ ಓದಲು ಬರುವುದಿಲ್ಲ.

ಇಂಥ ಘಟನೆಗಳು ಮರುಕಳಿಸಬಾರದೆಂದು ಕೆಳಕಂಡ ನಿಯಮಗಳನ್ನು ಎಲ್ಲ ಹಮಾಲರು, ಮೇಸ್ತ್ರಿಗಳು ಹಾಗೂ ತಗಡು ಕತ್ತರಿಸಬಲ್ಲ ಸಾರ್ವಜನಿಕರು ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

1. ಕಂಕುಳಲ್ಲಿ ಹಿಡಿಯುವ ವ್ಯಾಗನ್ನು ಸಣ್ಣ ವ್ಯಾಗನ್. ಹಿಡಿಯದ್ದು ದೊಡ್ಡ ವ್ಯಾಗನ್. ಸಂದೇಹ ಬಂದಲ್ಲಿ ಹೆಡ್ ಕ್ಲಾರ್ಕ್ ವಾಮದೇವಪ್ಪನವರು ಎತ್ತಲು ಪ್ರಯತ್ನಿಸಿ ತೀರ್ಮಾನ ಕೊಡತಕ್ಕದ್ದು. ಈ ವಿಂಗಡಣೆ ಈ ಸುತ್ತೋಲೆಯ ದಿನಾಂಕದಿಂದ ಜಾರಿಗೆ ಬರುತ್ತದೆಯೇ ಹೊರತು ಹಿಂದಿನ ಬರವಣಿಗೆಗಳಿಗೆ ಅನ್ವಯಿಸುವುದಿಲ್ಲ.

2. ತುಕ್ಕು:

(ಅ) ಮಾಲತೇಶಪ್ಪನು ಹಳೇ ಲಾಳ, ಮೊಳೆಗಳನ್ನು ಅರದಿಂದ ಉಜ್ಜಿ, ಆ ಪುಡಿಯನ್ನು ಹುಣಸೆ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಜಾಲಿ ಗೋಂದಿನಲ್ಲಿ ಕಲಸಿ ಹಚ್ಚಿರುವುದಾಗಿ ಒಪ್ಪಿರುತ್ತಾನೆ. ಇಲಾಖೆಯ ವ್ಯಾಗನ್ನುಗಳು ಇಪ್ಪತ್ತು ವರ್ಷ ಬಿಸಿಲು ಮಳೆಯಲ್ಲಿ ನಿಷ್ಠೆಯಿಂದ ನಿಂತು ಹಂತಹಂತವಾಗಿ ತುಕ್ಕು ಗಳಿಸಿರುತ್ತವೆ. ನಾಲ್ಕು ದಿನದ ತಗಡು ಅವುಗಳ ಸಮಕ್ಕೆ ಬಂದು ನಿಲ್ಲುವುದು ಸೇವಾ ಹಿರಿತನಕ್ಕೆ ಧಕ್ಕೆ.

(ಆ) ಆದ್ದರಿಂದ ಮೊದಲ ಐದು ವರ್ಷ ಸಣ್ಣ ವ್ಯಾಗನ್ ಹೊಳೆಯುತ್ತಿರತಕ್ಕದ್ದು. ಆರನೇ ವರ್ಷ ಗಾಲಿಗಳಿಗೆ ಮಾತ್ರ ಇಟ್ಟಿಗೆ ಬಣ್ಣದ ತುಕ್ಕು ಮಂಜೂರು ಮಾಡಬಹುದು. ಕಾಫಿ ಬಣ್ಣದ ತುಕ್ಕಿಗೆ ಖುದ್ದು ಸಾಹೇಬರ ಸಹಿ ಬೇಕು.

(ಇ) ತುಕ್ಕು ಅಷ್ಟು ನಿಜವಾಗಿ ಇರಬಾರದು. ಜವಾನನು ಧೂಳು ಒರೆಸಲು ಹೋಗಿ, ತಗಡು ಕೈ ಕುಯ್ದೀತೆಂದು ಹೆದರಿ ಹಿಂದೆ ಸರಿದಿರುತ್ತಾನೆ.

3. ಧೂಳು: ಸಣ್ಣ ವ್ಯಾಗನ್ನಿನ ಗಾಲಿ, ಚೌಕಟ್ಟುಗಳಿಗೆ ಆನೆಕೊಂಡದ ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಹಚ್ಚಲಾಗಿದೆ. ಆನೆಕೊಂಡ ಈ ಕಚೇರಿಯ ಸರಹದ್ದಿನಲ್ಲಿ ಇಲ್ಲ. ಇನ್ನು ಮುಂದೆ ಹರಿಹರ ಕಚೇರಿಗೆ ಬರುವ ವ್ಯಾಗನ್ನುಗಳು ಹರಿಹರದ ಧೂಳನ್ನೇ ಧರಿಸಿ ಬರತಕ್ಕದ್ದು. ಧೂಳಿನ ಅಭಾವವಿದ್ದಲ್ಲಿ ಈ ಕಚೇರಿಯ ಅರ್ಜಿ ವಿಭಾಗದ ಕಪಾಟುಗಳಿಂದ ಬೇಕಾದಷ್ಟು ಒದಗಿಸಲಾಗುವುದು.

4. ಹಕ್ಕಿ ಹಿಕ್ಕೆ: ಸುಣ್ಣದಲ್ಲಿ ಹಾಕಿದ ಹಿಕ್ಕೆಯ ಕಲೆಗಳು ಛಾವಣಿಯ ಮೇಲೆ ಐದು ಕಂಡುಬಂದಿವೆ. ಎರಡಕ್ಕೆ ಮಾತ್ರ ಅವಕಾಶ. ಕಾಗೆಯೋ ಪಾರಿವಾಳವೋ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.

5. ಸೀಮೆಸುಣ್ಣದ ಬರಹ: ಸಣ್ಣ ವ್ಯಾಗನ್ನಿನ ಬಾಗಿಲ ಮೇಲೆ "ಸೋರತೈತೆ" ಎಂದು ಸೀಮೆಸುಣ್ಣದಲ್ಲಿ ಬರೆದಿದೆ. ದೊಡ್ಡದರ ಬಾಗಿಲ ಮೇಲೂ ಹಮಾಲರು ಹೀಗೆಯೇ ಬರೆಯುತ್ತಾ ಬಂದಿದ್ದು, ಪ್ರತಿ ಮಳೆಗೂ ಅಳಿಸಿಹೋಗಿರುತ್ತದೆ. ಮಳೆಯಲ್ಲಿ ಅಳಿಸಿಹೋದ ದೂರನ್ನು ಹಿಂತೆಗೆದುಕೊಂಡ ದೂರೆಂದು ಪರಿಗಣಿಸಲಾಗುವುದು. ಮಳೆ ಬಾರದ ಕಾಲದಲ್ಲಿ ಸೋರುವ ಪ್ರಶ್ನೆಯೇ ಇಲ್ಲದ್ದರಿಂದ ಆಗ ಬರೆದ ದೂರನ್ನೂ ಪರಿಗಣಿಸುವುದಿಲ್ಲ. ಉಳಿದ ಕಾಲದಲ್ಲಿ ಹಮಾಲರು ಧಾರಾಳವಾಗಿ ಬರೆಯಬಹುದು.

6. ತೂತು:

(ಅ) ಸಣ್ಣ ವ್ಯಾಗನ್ನಿಗೆ ತೂತು ಇರತಕ್ಕದ್ದಲ್ಲ. ಕಡತ ತೊಯ್ದ ಮೂರನೇ ದಿನವೇ ಹರಿಹರದ ಡಬ್ಬಿ ಬೆಸುಗೆಯ ಶಮೀಮ್ ಸಾಬರನ್ನು ಕರೆಸಿ, ಸಾಹೇಬರು ಖುದ್ದು ನಿಂತು, ಸದರಿ ತೂತನ್ನು ಮುಚ್ಚಿಸಿರುತ್ತಾರೆ. ಬೆಸುಗೆ ಹಾಕುತ್ತಾ ಶಮೀಮ್ ಸಾಬರು ಆಡಿದ ಮಾತು: "ಇದು ಎರಡು ನಿಮಿಷದ ಕೆಲಸ ಸಾಬ್. ತಗಡು ಮಿಕ್ಕೈತೆ. ಯಾರ್ಡಿನಾಗೆ ಇದರಪ್ಪ ನಿಂತಾನಲ್ಲ, ಅವನ ತಲೀಗೂ ಒಂದು ತುಂಡು ಬಡಿದು ಬರ್ಲೇನು?" ಸದರಿ ಸಲಹೆ ವಿಷಯಕ್ಕೆ ಸಂಬಂಧಪಡದ್ದರಿಂದ ದಾಖಲಿಸಿಕೊಂಡಿಲ್ಲ.

(ಆ) ನಂತರ ಎರಡು ಲೋಟ ನೀರು ಸುರಿದು ಪರೀಕ್ಷಿಸಲಾಗಿ, ವ್ಯಾಗನ್ ನಂ. 4172 ಸೋರುವುದಿಲ್ಲವೆಂದು ದೃಢಪಟ್ಟು, ದುರಸ್ತಿ ರಿಜಿಸ್ಟರಿನಲ್ಲಿ "ಪೂರ್ಣಗೊಂಡಿದೆ" ಎಂದು ನಮೂದಾಗಿರುತ್ತದೆ. ಆದಕಾರಣ ದೊಡ್ಡದಕ್ಕೆ ಬೇರೆ ದುರಸ್ತಿ ಅಗತ್ಯ ಬೀಳುವುದಿಲ್ಲ. ಅದು ಆಗಸ್ಟ್ 2ರ ಮಳೆಯಲ್ಲಿ ಮತ್ತೆ ಸೋರಿರುವುದು ರಿಜಿಸ್ಟರಿಗೆ ತೋರಿದ ಅವಿಧೇಯತೆ.

(ಇ) ಈ ಸಂಗತಿಯನ್ನು ತಿಳಿಸಲಾಗಿ, ಕಚೇರಿಯ ಮೆಟ್ಟಿಲ ಮೇಲೆ ದಿನಾ ಬಂದು ಕೂರುವ ಗಿಡ್ಡಪ್ಪನ ಹೆಂಡತಿ ತಿಮ್ಮವ್ವ ಹೀಗೆ ಹೇಳಿರುತ್ತಾಳೆ: "ಹಂಗಾರೆ ನನ್ ಗಂಡಂದೂ ಒಂದು ಮಣ್ಣಿನ ಗೊಂಬಿ ಮಾಡ್ಕೊಡ್ತೀನಿ ತಗಳ್ರಿ. ಗೊಂಬಿ ಕೊಳ್ಳಾಗೆ ಬಿಲ್ಲೆ ಕಟ್ರಿ. ಗೊಂಬಿ ಮೂಟಿ ಹೊರ್ಲಿ, ಗೊಂಬಿ ಉಣ್ಲಿ. ನಾವು ನೋಡ್ತಾ ಕೂಡ್ರತೀವಿ."

7. ಸಂಚಾರ: ಸಣ್ಣ ವ್ಯಾಗನ್ನನ್ನು ಮೇಜಿನಿಂದ ಕಪಾಟಿಗೆ ಸಾಗಿಸುವಾಗ ಜವಾನನು ಹಸಿರು ಬಾವುಟ ತೋರಿಸತಕ್ಕದ್ದು. ಎದುರಿನಿಂದ ಕಾಫಿ ತಟ್ಟೆ ಬರುತ್ತಿದ್ದಲ್ಲಿ ವ್ಯಾಗನ್ನು ಕಿಟಕಿಯ ಪಕ್ಕಕ್ಕೆ ಸರಿದು ತಟ್ಟೆಗೆ ದಾರಿ ಬಿಡತಕ್ಕದ್ದು. ಕಪಾಟಿನಲ್ಲಿ ನಿಂತಾಗ ಗಾಲಿಗೆ ಹುಣಸೆ ಬೀಜ ಅಡ್ಡ ಇಡುವುದು.

8. ಇರುವೆ: ಸದರಿ ವ್ಯಾಗನ್ನಿನ ಒಳನೆಲಕ್ಕೆ ಮಾಲತೇಶಪ್ಪನು ನಿಜವಾದ ಬೆಲ್ಲದ ಪಾಕವನ್ನೇ ಬಳಿದಿದ್ದಾನೆ. ದೊಡ್ಡದರಲ್ಲಿ ಇದ್ದದ್ದು ಅದೇ, ತಾನೇನೂ ಹೆಚ್ಚಿಗೆ ಸೇರಿಸಿಲ್ಲ ಎಂಬುದು ಅವನ ಸಮಜಾಯಿಷಿ. ಪರಿಣಾಮವಾಗಿ ಕಪಾಟಿನಲ್ಲಿ ಇರುವೆಗಳು ಹತ್ತಿ, ಬಾಗಿಲಿನಿಂದ ಬಾಗಿಲಿಗೆ ಸಾಲಾಗಿ ಇಳಿಸುವ ಹೊರಿಸುವ ಕೆಲಸ ಮಾಡುತ್ತಿರುವುದು ಕಂಡುಬಂದಿದೆ. ಬಿಲ್ಲೆ ಇಲ್ಲದೆ ಸರಕು ಹೊರುವುದು ನಿಯಮಬಾಹಿರ. ಇರುವೆಗಳಿಗೆ ಏಳು ದಿನಗಳ ನೋಟಿಸು ಕಪಾಟಿನ ಬಾಗಿಲಿಗೆ ಅಂಟಿಸಲಾಗಿದೆ. ಒಂದೂ ಇರುವೆ ಜಾರಿ ಬಿದ್ದಿಲ್ಲವೆಂಬುದನ್ನು ಸಾಹೇಬರು ಹಮಾಲರಿಗೆ ಮಾದರಿಯಾಗಿ ಎತ್ತಿ ತೋರಿಸಬಯಸುತ್ತಾರೆ.

9. ತೊಯ್ದ ಕಡತ: ಈ ಅಂಶವನ್ನು ಬಿಡಬೇಕೆಂದಿತ್ತು. ಬಿಡಲಾಗುತ್ತಿಲ್ಲ.

ಕಡತ ಕೆಟ್ಟರೆ ಅದರ ಕಾರಣವನ್ನು ಹಾನಿ ರಿಜಿಸ್ಟರಿನಲ್ಲಿ ಅದೇ ದಿನ ಬರೆಯದಿದ್ದಲ್ಲಿ ಹೆಡ್ ಕ್ಲಾರ್ಕರೇ ಜವಾಬ್ದಾರರು. ವಾಮದೇವಪ್ಪನವರಿಗೆ ಮೂವತ್ತೊಂದು ವರ್ಷ ಸೇವೆಯಾಗಿದ್ದು, ನಿವೃತ್ತಿಗೆ ನಾಲ್ಕು ತಿಂಗಳಿದೆ. ಅವರು ಜುಲೈ 24ರಂದೇ "ವ್ಯಾಗನ್ ನಂ. 4172ರ ಛಾವಣಿಯ ತೂತಿನಿಂದ ನೀರು ಸೋರಿದ್ದರಿಂದ ಈ ಕಡತ ತೊಯ್ದಿದೆ" ಎಂದು ದುಂಡಗೆ ಬರೆದು, ಬೇರೆ ಹನ್ನೊಂದು ಕಾಗದಗಳ ಮಧ್ಯೆ ಇಟ್ಟು ಸಾಹೇಬರ ಮುಂದೆ ಹಿಡಿದಿರುತ್ತಾರೆ. ಸಾಹೇಬರು ಹನ್ನೆರಡಕ್ಕೂ ಸಹಿ ಮಾಡಿರುತ್ತಾರೆ. ರೂಢಿಯಂತೆ ರಿಜಿಸ್ಟರಿನ ನಕಲು ಮೇಲಿನ ಕಚೇರಿಗೆ ಹೋಗಿರುತ್ತದೆ.

ಸಣ್ಣದೋ ದೊಡ್ಡದೋ ಎಂದು ಯಾಕೆ ಬರೆಯಲಿಲ್ಲವೆಂದು ವಿವರಣೆ ಕೇಳಲಾಗಿ, ವಾಮದೇವಪ್ಪನವರ ಉತ್ತರ: "ಬಾಗಿಲ ಮ್ಯಾಲೆ ಏನು ನಂಬರ್ ಇತ್ತೋ ಅದನ್ನ ಬರೆದೀನಿ ಸಾಹೇಬ್ರೆ. ಆ ರಿಜಿಸ್ಟರ್‌ನಾಗೆ ಅಳತೆ ಕಾಲಂ ಇಲ್ಲ. ಇದ್ದಿದ್ರೆ ಒಂದು ಮೊಳ ಅಂತ ಹಾಕ್ತಿದ್ದೆ."

ಮೇಲಿನ ಕಚೇರಿಯು ಉಲ್ಲೇಖ (3)ರ ಪತ್ರದಲ್ಲಿ, "4172ರ ಛಾವಣಿಯಲ್ಲಿ ತೂತು ಇದ್ದು ಸೋರುವುದನ್ನು ತಾವೇ ಸಹಿ ಮಾಡಿ ದೃಢೀಕರಿಸಿರುವ ಕಾರಣ ಹಮಾಲ ಗಿಡ್ಡಪ್ಪನ ಅಜಾಗರೂಕತೆಯ ಪ್ರಶ್ನೆ ಉದ್ಭವಿಸುವುದಿಲ್ಲ, ಬಿಲ್ಲೆ ಹಿಂತಿರುಗಿಸಿ ವರದಿ ಮಾಡುವುದು" ಎಂದು ಆದೇಶಿಸಿದೆ. ಸಣ್ಣದು, ದೊಡ್ಡದು ಎಂಬ ವಿಂಗಡಣೆ ಅಂಶ 1ರ ಮೂಲಕ ಇಂದಷ್ಟೇ ಹುಟ್ಟಿರುವುದರಿಂದ ಇದಕ್ಕೆ ಮರುಮಾತು ಬರೆಯಲು ಈ ಕಚೇರಿಗೆ ದಾರಿ ಇಲ್ಲ. ಹುಡುಕಲಾಗಿದೆ.

10. ಬಿಲ್ಲೆ: ಬಿಲ್ಲೆ ನಂ. 17ನ್ನು ಖಾನೆಯಿಂದ ಹೊರತೆಗೆಯಲಾಗಿ, ಎರಡು ತಿಂಗಳಲ್ಲಿ ಅದಕ್ಕೆ ಹಸಿರು ಕಿಲುಬು ಹತ್ತಿರುವುದು ಕಂಡುಬಂದಿದೆ. ಇದು ಸರ್ಕಾರಿ ಖಾನೆಯಲ್ಲಿ, ಸರ್ಕಾರಿ ವೇಳೆಯಲ್ಲಿ ಹತ್ತಿದ ಕಿಲುಬಾದ್ದರಿಂದ ಅನುಮತಿ ಪಡೆದದ್ದೆಂದೇ ತಿಳಿಯತಕ್ಕದ್ದು. ಆದರೆ ತಿಮ್ಮವ್ವ ಬಿಲ್ಲೆ ಕೈಗೆ ಬಂದ ಕೂಡಲೇ ಮೆಟ್ಟಿಲ ಮೇಲೆಯೇ ಕೂತು, ಸೆರಗಿನ ಗಂಟಿನಿಂದ ಹುಣಸೆಹಣ್ಣು ತೆಗೆದು, ತಿಕ್ಕಲು ಶುರು ಮಾಡಿರುತ್ತಾಳೆ. ಹುಣಸೆಹಣ್ಣು ಒಂದು ಕಡೆ ತುಕ್ಕು ಹಿಡಿಸುತ್ತದೆ, ಇನ್ನೊಂದು ಕಡೆ ಕಿಲುಬು ಬಿಡಿಸುತ್ತದೆ. ಈ ಪದಾರ್ಥದ ನಿಲುವಿನ ಬಗ್ಗೆ ಪ್ರತ್ಯೇಕ ಸುತ್ತೋಲೆ ಬೇಕೇ ಎಂದು ಯೋಚಿಸಲಾಗುತ್ತಿದೆ.

11. ಸಣ್ಣ ವ್ಯಾಗನ್ನನ್ನು ಮಾಲತೇಶಪ್ಪನಿಗೆ ಒಪ್ಪಿಸಲು ಕರೆಯಲಾಗಿ, ಸದರಿಯವನು ಛಾವಣಿಯ ಬೆಸುಗೆಯನ್ನು ಬೆರಳಿನಿಂದ ಸವರಿ, "ಇದು 4172 ಅಲ್ಲ ಬಿಡ್ರಿ. ಅದು ಸೋರತೈತೆ. ಇದನ್ನ ನೀವೇ ಇಟ್ಕಳ್ರಿ, ನಿಮ್ಮ ತಾವ ಇರೋದೆಲ್ಲ ಹಿಂಗೇ ಐತೆ" ಎಂದು ಹೇಳಿ, ಬಿಲ್ಲೆ ಕಟ್ಟಿಕೊಳ್ಳಲು ಬಂದಿದ್ದ ಗಿಡ್ಡಪ್ಪನನ್ನು ಕರೆದುಕೊಂಡು ಎರಡು ಗಂಟೆಯ ಪಾಳಿಗೆ ಹೋಗಿರುತ್ತಾನೆ. ಆದ್ದರಿಂದ ಈ ಇಲಾಖೆಯ ಬಳಿ ಈಗ ಸೋರದ ವ್ಯಾಗನ್ ಒಂದು ಇರುತ್ತದೆ.

ಮೇಲ್ಕಂಡ ನಿಯಮಗಳನ್ನು ಮೀರಿದವರ ವ್ಯಾಗನ್ನನ್ನು ಮುಟ್ಟುಗೋಲು ಹಾಕಿಕೊಂಡು, ತೊಳೆದು, ಬಣ್ಣ ಬಳಿದು, ಅವರಿಗೇ ಗುರುತು ಸಿಗದಂತೆ ಹಿಂತಿರುಗಿಸಲಾಗುವುದು.

(ಸಹಿ, ನಿಧಾನವಾಗಿ, ಎರಡೂ ಬದಿ ಓದಿ ಮಾಡಿದ್ದು)
ಶಿಸ್ತು ಅಧಿಕಾರಿ
ಹರಿಹರ ಕಚೇರಿ

ಪ್ರತಿಗಳು:
1. ಮೇಲಿನ ಕಚೇರಿಗೆ, ಬಿಲ್ಲೆ ಕೊಟ್ಟ ವರದಿಯೊಂದಿಗೆ. ಒಣಗಿದ ಪ್ರತಿ.
2. ಹೆಡ್ ಕ್ಲಾರ್ಕ್ ವಾಮದೇವಪ್ಪನವರಿಗೆ, ಹಾನಿ ರಿಜಿಸ್ಟರಿನಲ್ಲಿ ಅಳತೆ ಕಾಲಂ ಗೆರೆ ಹಾಕಲು. ನಿವೃತ್ತಿಯ ನಂತರ ಹಾಕುವುದಾಗಿ ತಿಳಿಸಿರುತ್ತಾರೆ.
3. ಶಮೀಮ್ ಸಾಬರಿಗೆ, ಮಿಕ್ಕ ತಗಡನ್ನು ಕಚೇರಿಗೆ ಒಪ್ಪಿಸಲು.
4. ಇರುವೆಗಳಿಗೆ, ಕಪಾಟಿನ ಕೆಳಗಿನ ಸಂದಿನ ಮೂಲಕ.
5. ಹಮಾಲ ಗಿಡ್ಡಪ್ಪನಿಗೆ. ಬಿಲ್ಲೆ ನಂ. 17 ಲಗತ್ತಿಸಿದ್ದು, ಅದನ್ನು ಕಟ್ಟಿಕೊಂಡು ಸದರಿಯವನು ಹೊರಟುಹೋಗಿರುವುದರಿಂದ ಪ್ರತಿ ಮಾತ್ರ ಇಲ್ಲೇ ಉಳಿದಿದೆ.
6. ವ್ಯಾಗನ್ ನಂ. 4172 (ದೊಡ್ಡದು), ದಾವಣಗೆರೆ ಯಾರ್ಡ್: ಛಾವಣಿಯ ಬಲ ಮೂಲೆಯ ತೂತಿನ ಮೇಲೆ ಅಂಟಿಸಲು.