ಶುಕ್ರವಾರದ ಲಕ್ಷ್ಮಿಯೂ ನಮ್ಮತ್ತೆಯ ಕಾರ್ಡೂ

ಬೇರೆಯವರಿಗೆ ಬುದ್ಧಿ ಹೇಳುವಷ್ಟು ಸುಖದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಕೈಯಿಂದ ಕಾಸು ಖರ್ಚಾಗುವುದಿಲ್ಲ, ಕೇಳುವವರು ಗಂಭೀರವಾಗಿ ತಲೆಯಾಡಿಸುತ್ತಾರೆ, ಅದೃಷ್ಟವಿದ್ದರೆ ಕಾಫಿಯನ್ನೂ ಕೊಡಿಸುತ್ತಾರೆ. ಜಯಲಕ್ಷ್ಮಿಪುರಂನ ಕಾಲೇಜೊಂದರ ಕಚೇರಿಯಲ್ಲಿ ಕೂತು ನಾನು ಈ ಸುಖವನ್ನು ಬಹಳ ವರ್ಷಗಳಿಂದ ಅನುಭವಿಸುತ್ತಿದ್ದೇನೆ. ಹೆಸರಿಗೆ ನನ್ನ ಕೆಲಸ ಸಂಬಳದ ಬಿಲ್ಲು ತಯಾರಿಸುವುದು. ಆದರೆ ಯಾರಿಗಾದರೂ ಕ್ರೆಡಿಟ್ ಕಾರ್ಡಿನ ಬಿಲ್ಲು ಬಂದು ಎದೆ ಧಸಕ್ಕೆಂದರೆ ಅವರು ಮೊದಲು ಓಡಿಬರುವುದು ನನ್ನ ಮೇಜಿಗೆ. ಮೊನ್ನೆ ಪಕ್ಕದ ಮೇಜಿನ ಮಂಜುಳ ಬಂದಳು. "ಪ್ರಭಾ ಮೇಡಂ, ಕನಿಷ್ಠ ಮೊತ್ತ ಕಟ್ಟಿ ಅಂದಿದ್ರು, ಕಟ್ಟಿದೀನಿ. ಮತ್ತೆ ಬಡ್ಡಿ ಯಾಕ್ರೀ ಹಾಕಿದಾರೆ?" ನಾನು ಕನ್ನಡಕ ಏರಿಸಿಕೊಂಡೆ. "ಕನಿಷ್ಠ ಕಟ್ಟಿದ್ರೆ ತಡವಾಯ್ತು ಅಂತ ದಂಡ ಹಾಕಲ್ಲ, ಅಷ್ಟೇ ಕಣೇ. ಉಳಿದಿದ್ದಕ್ಕೆಲ್ಲ ಬಡ್ಡಿ ಓಡ್ತಾನೇ ಇರುತ್ತೆ. ಹೊಸದಾಗಿ ತಗೊಂಡ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ. ಪೂರ್ತಿ ಕಟ್ಟು, ಇಲ್ಲಾ ಕಾರ್ಡನ್ನ ಬೀರುವಿನಲ್ಲಿ ಸೀರೆ ಅಡಿಗಿಡು." ಮಂಜುಳ ತಲೆಯಾಡಿಸಿದಳು, ಕಾಫಿಯನ್ನೂ ಕೊಡಿಸಿದಳು.

ಈ ಪಾಂಡಿತ್ಯ ನನಗೆ ಓದಿನಿಂದ ಬಂದದ್ದಲ್ಲ. ಬಂದದ್ದು ನಮ್ಮತ್ತೆಯಿಂದ. ನಮ್ಮತ್ತೆ ಗೌರಮ್ಮನವರು ನಂಜನಗೂಡಿನ ಕಡೆಯ ಹಳ್ಳಿಯವರು. ನನ್ನ ಮದುವೆಯಾದ ಮರುವರ್ಷ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದವರು ಕೊನೆಯವರೆಗೂ ನಮ್ಮೊಂದಿಗೇ ಇದ್ದರು. ಅಕ್ಷರ ಬಾರದು. ಆದರೆ ಪಂಚಾಂಗ ಮಾತ್ರ ನಾಲಿಗೆಯ ತುದಿಯಲ್ಲೇ ಇತ್ತು. ಹೀಗಾಗಿ ಬ್ಯಾಂಕಿಗೂ ಅವರಿಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ.

ನಾನು ಮೊದಲ ಸಲ ಕಾರ್ಡು ತೆಗೆದುಕೊಂಡಾಗ ಬಿಲ್ಲು ಕಟ್ಟುವ ಕಡೆಯ ದಿನ ಶುಕ್ರವಾರ ಬಿತ್ತು. ಸಂಜೆ ಮೊಬೈಲು ಹಿಡಿದು ಕೂತೆ. ಅತ್ತೆ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ತಿರುಗಿ ನೋಡಿದರು. "ಏನವ್ವ ಮಾಡ್ತಿದೀಯೆ?" "ಬ್ಯಾಂಕಿಗೆ ದುಡ್ಡು ಕಟ್ತಿದೀನಿ ಅತ್ತೆ." "ಅಯ್ಯೋ, ಶುಕ್ರವಾರ ಮುಸ್ಸಂಜೇಲಿ ಲಕ್ಷ್ಮಿನ ಆಚ್ಗೆ ಕಳುಸ್ತಾರಾ? ನಾಳೆ ಕಟ್ಬುಡು, ಏನ್ ಮುಳುಗೋಯ್ತದೆ?" ಬೆಳಿಗ್ಗೆ ತರಕಾರಿಯವನಿಗೆ ನೀವೇ ದುಡ್ಡು ಕೊಟ್ಟಿರಲ್ಲ ಎಂದು ನಾನು ವಾದ ಹೂಡಿದೆ. "ತರಕಾರಿಯೋನಿಗೆ ಕೊಟ್ರೆ ಮನೆಗೆ ತರಕಾರಿ ಬತ್ತದೆ. ಬ್ಯಾಂಕಿಗೆ ಕೊಟ್ರೆ ಏನ್ ಬತ್ತದೆ?" ನಾನು ಮೊಬೈಲು ಕೆಳಗಿಟ್ಟೆ. ಶನಿವಾರ ಮತ್ತೆ ಕೂತೆ. "ಅಮಾಸೆ ದಿನ ಯಾರಾದ್ರೂ ದುಡ್ಡು ಬಿಚ್ತಾರಾ?" ಭಾನುವಾರ ಸಂಜೆ ಕೂತಾಗ ರಾಹುಕಾಲ. ಸೋಮವಾರ ಕಾಲೇಜಿನಲ್ಲಿ ಪರೀಕ್ಷೆಯ ಗಲಾಟೆಯಲ್ಲಿ ನನಗೇ ಮರೆಯಿತು. ಮಂಗಳವಾರವಂತೂ ಶುಕ್ರವಾರದ ತಂಗಿ, ಅವತ್ತೂ ಆಗದು. ಬುಧವಾರ ಕಟ್ಟಿದೆ. ಕಡೆಯ ದಿನ ಕಳೆದ ಮೇಲೂ ಬ್ಯಾಂಕಿನವರು ಮೂರು ದಿನ ದಂಡ ಹಾಕದೆ ಕಾಯುತ್ತಾರಂತೆ, ನಮ್ಮತ್ತೆಯ ಪಂಚಾಂಗ ಅದಕ್ಕೂ ಉದ್ದವಾಗಿತ್ತು. ಮುಂದಿನ ಬಿಲ್ಲಿನಲ್ಲಿ ತಡವಾದದ್ದಕ್ಕೆ ದಂಡ, ಬಾಕಿಗೆ ಬಡ್ಡಿ, ಅವೆರಡರ ಮೇಲೂ ತೆರಿಗೆ, ಮೂರೂ ಒಟ್ಟಿಗೆ ಬಂದವು. ನಾನು ಕೂಗಾಡಿದೆ. ಅತ್ತೆ ಶಾಂತವಾಗಿ, "ಅವ್ರಿಗೆ ಶುಕ್ರವಾರ ಬುಟ್ಟು ಬ್ಯಾರೆ ದಿನ ಸಿಗ್ನಿಲ್ವಾ? ಅದನ್ನ ಕೇಳು ಮೊದ್ಲು" ಎಂದರು.

ಒಂದಲ್ಲ ಒಂದು ಕಾರಣಕ್ಕೆ ಮೂವತ್ತು ವರ್ಷ ಹೀಗೇ ಜಗಳವಾಡಿದೆವು. ಈಗ ಮನೆಯಲ್ಲಿ ಶುಕ್ರವಾರ ಯಾವಾಗ ಬೇಕಾದರೂ ದುಡ್ಡು ಕಟ್ಟಬಹುದು, ಬೇಡ ಎನ್ನುವವರಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಬೇಡ ಎನ್ನುವವರಿಲ್ಲದ ಮನೆ ಇಷ್ಟು ಬಿಕೋ ಎನ್ನುತ್ತದೆಂದು ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಕಾರ್ಡು ಬಂದ ಕತೆಯನ್ನು ಹೇಳಲೇಬೇಕು. ಒಂದು ದಿನ ನನ್ನ ಕಾರ್ಡನ್ನು ಕೈಯಲ್ಲಿ ಹಿಡಿದು, ಉಬ್ಬಿದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸುತ್ತ, "ಇದು ನಿನ್ನೆಸ್ರಾ? ನನ್ನೆಸ್ರುದು ಒಂದು ಬರಾಕಿಲ್ವಾ?" ಎಂದರು. ಹೊಲವಿದ್ದದ್ದು ಮಾವನವರ ಹೆಸರಲ್ಲಿ, ಮನೆ ನನ್ನ ಗಂಡನ ಹೆಸರಲ್ಲಿ, ಗ್ಯಾಸಿನ ಪುಸ್ತಕ ನನ್ನ ಹೆಸರಲ್ಲಿ. ಆಧಾರ್ ಕಾರ್ಡಿನಲ್ಲಿ ಅವರ ಹೆಸರಿತ್ತು ನಿಜ, ಆದರೆ ಫೋಟೋ ಕೆಟ್ಟದಾಗಿ ಬಂದಿದೆಯೆಂದು ಅದನ್ನವರು ತಮ್ಮದೆಂದು ಒಪ್ಪಿಕೊಂಡೇ ಇರಲಿಲ್ಲ. ನನ್ನ ಖಾತೆಗೇ ಅಂಟಿಕೊಂಡಂತೆ ಮನೆಯವರಿಗೊಂದು ಉಪಕಾರ್ಡು ಕೊಡುತ್ತಾರೆ, ಮೊದಲ ವರ್ಷ ಪುಕ್ಕಟೆ. ತರಿಸಿದೆ. ಅತ್ತೆ ಅದನ್ನು ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟದ ಪಕ್ಕ ನಿಲ್ಲಿಸಿ ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚಿದರು. ಕಾರ್ಡಿನ ಆ ಹಳದಿ ಚಿಪ್ಪಿನ ಮೇಲೆ ಕುಂಕುಮ ಮೆತ್ತಿ ಅದೂ ಒಂದು ಮುತ್ತೈದೆಯಂತೆ ಕಾಣುತ್ತಿತ್ತು. ರಹಸ್ಯ ಸಂಖ್ಯೆ ಮರೆಯದಿರಲೆಂದು ನಾನೇ ಅತ್ತೆಯ ಹಳ್ಳಿಯ ಬಸ್ಸಿನ ನಂಬರು ಇಟ್ಟಿದ್ದೆ. ಯಾರಿಗೂ ಹೇಳಬೇಡಿ ಎಂದಿದ್ದೆ. ವಾರದೊಳಗೆ ಎದುರುಮನೆಯ ರಾಜಮ್ಮನಿಗೂ ಗೊತ್ತಾಗಿತ್ತು.

ನನಗೆ ಐವತ್ತು ತುಂಬಿದ ದಿನ ಅತ್ತೆ ಒಂದು ಲಕೋಟೆ ಕೊಟ್ಟರು. ನಾಲ್ಕು ಮೂಲೆಗೂ ಅರಿಶಿನ. ಒಳಗೆ ಮೂಲೆಗೆ ಅರಿಶಿನ ತಾಗಿದ ಐನೂರರ ಹೊಸ ನೋಟು, ಜೊತೆಗೊಂದು ರೂಪಾಯಿ ಬಿಲ್ಲೆ. "ನನ್ ದುಡ್ಡು ಕಣವ್ವ. ಸೀರೆಗೆ ಸಾಲಾಕಿಲ್ಲ, ನಿಂಗಿಷ್ಟವಾದ್ದು ಏನಾದ್ರೂ ತಗೋ." ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದಾಗ ಲೆಕ್ಕ ಕೇಳುವ ಬುದ್ಧಿ ಇರುವುದಿಲ್ಲ, ಕೇಳಲಿಲ್ಲ. ಲೆಕ್ಕ ಮುಂದಿನ ತಿಂಗಳ ಬಿಲ್ಲಿನಲ್ಲಿ ತಾನಾಗಿಯೇ ಬಂತು. ಅತ್ತೆ ರಾಜಮ್ಮನನ್ನು ಕರೆದುಕೊಂಡು ಹೋಗಿ ಎಟಿಎಮ್ಮಿನಲ್ಲಿ ಕ್ರೆಡಿಟ್ ಕಾರ್ಡು ಹಾಕಿ ಐನೂರು ತೆಗೆದಿದ್ದರು. ಕ್ರೆಡಿಟ್ ಕಾರ್ಡಿನಿಂದ ಮಾಡಲೇಬಾರದ ಕೆಲಸವೊಂದಿದ್ದರೆ ಅದೇ. ಎಷ್ಟೇ ಸಣ್ಣ ಮೊತ್ತ ತೆಗೆದರೂ ನಮ್ಮ ಬ್ಯಾಂಕಿನವರ ಶುಲ್ಕ ಐನೂರಕ್ಕೆ ಕಡಿಮೆಯಿಲ್ಲ. ಸಾಮಾನು ಕೊಂಡಾಗ ಸಿಗುವ ಬಡ್ಡಿಯಿಲ್ಲದ ದಿನಗಳೂ ಇಲ್ಲ, ನೋಟು ಕೈಗೆ ಬಂದ ದಿನದಿಂದಲೇ ಬಡ್ಡಿ. ಐನೂರು ರೂಪಾಯಿ ಉಡುಗೊರೆಗೆ ನಾನು ಸಾವಿರದ ಮೇಲೆ ಕಟ್ಟಬೇಕಾಗಿತ್ತು.

ಆವತ್ತು ನನ್ನ ನಾಲಿಗೆಯ ಮೇಲೆ ಶನಿ ಕೂತಿದ್ದ. "ನಿಮ್ಮ ದುಡ್ಡು ಅಂದ್ರಲ್ಲ ಅತ್ತೆ, ಇದು ನಿಮ್ಮ ದುಡ್ಡಲ್ಲ, ಸಾಲ. ಅದನ್ನ ತೀರಿಸೋಳು ನಾನು. ಬೇಕಿದ್ರೆ ನಿಮ್ಮ ಮಗನ್ನ ಕೇಳಿದ್ರೆ ಕೊಡ್ತಿರಲಿಲ್ವಾ?"  ಬತ್ತಿ ಹೊಸೆಯುತ್ತಿದ್ದ ಅತ್ತೆ ಬತ್ತಿಯನ್ನೇ ನೋಡುತ್ತ ಹೇಳಿದರು. "ಕೊಡ್ತಾನೆ. ಯಾತಕ್ಕವ್ವ ಅಂತಾನೆ, ಆಮೇಲೆ ಕೊಡ್ತಾನೆ. ಅವರಪ್ಪನೂ ಅಂಗೇ. ಆ ಮಿಷನ್ನು ಯಾತಕ್ಕೆ ಅಂತ ಕೇಳ್ನಿಲ್ಲ ಕಣವ್ವ."

ನನ್ನ ಗಂಡ ಕೆಟ್ಟವರೇನಲ್ಲ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬಂದು, ಕೇಳಿದವರಿಗೆ ಕೇಳಿದಷ್ಟು ಕೊಡುವ ಮನುಷ್ಯ. ಆದರೂ ಆ "ಯಾತಕ್ಕೆ" ಅವರ ಬಾಯಿಯಿಂದ ತಾನಾಗಿಯೇ ಬರುತ್ತದೆ. ನಾನು ಸಂಬಳ ತರುವವಳಾದ್ದರಿಂದ ನನ್ನನ್ನು ಕೇಳುತ್ತಿರಲಿಲ್ಲ, ನನಗದು ಕೇಳಿಸಿಯೂ ಇರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಜೀವಮಾನದಲ್ಲಿ ಒಂದು ಸಲ ಯಾರಿಗೂ ಕಾರಣ ಹೇಳದೆ ಐನೂರು ರೂಪಾಯಿ ಕೈಗೆ ತೆಗೆದುಕೊಂಡಿದ್ದರು, ಅದನ್ನೂ ತಂದು ನನಗೇ ಕೊಟ್ಟಿದ್ದರು. ನಾನು ಅದಕ್ಕೆ ಶುಲ್ಕದ ಪಾಠ ಮಾಡಿದೆ. ಸಾಲದ್ದಕ್ಕೆ ಸಿಟ್ಟಿನಲ್ಲಿ ಆ ನೋಟನ್ನು ಗ್ಯಾಸಿನವನಿಗೆ ಕೊಟ್ಟುಬಿಟ್ಟೆ. ಉಳಿದದ್ದು ರೂಪಾಯಿ ಬಿಲ್ಲೆ ಮತ್ತು ಅರಿಶಿನದ ಲಕೋಟೆ. ಈಗ ಎಷ್ಟೋ ಐನೂರರ ನೋಟುಗಳು ಕೈದಾಟಿ ಹೋಗುತ್ತವೆ, ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತೇನೆ, ಮೂಲೆಯಲ್ಲಿ ಎಲ್ಲಾದರೂ ಅರಿಶಿನ ಇದೆಯೇನೋ ಎಂದು. ಹುಚ್ಚು ಎಂದರೆ ಹುಚ್ಚು. ಆ ನೋಟು ನನಗೆ ಬೇಕು.

ಮೂರು ತಿಂಗಳ ಹಿಂದೆ ಬ್ಯಾಂಕಿನಿಂದ ಒಬ್ಬ ಹುಡುಗಿ ಫೋನು ಮಾಡಿದಳು. "ಮೇಡಂ, ಗೌರಮ್ಮ ಅವರ ಹೆಸರಿನ ಕಾರ್ಡು ಒಂದು ವರ್ಷದಿಂದ ಬಳಕೆ ಆಗಿಲ್ಲ. ಸುಮ್ನೆ ವಾರ್ಷಿಕ ಶುಲ್ಕ ಬೀಳ್ತಾ ಇದೆ. ಕ್ಲೋಸ್ ಮಾಡ್ಲಾ?" ಬಳಸದ ಕಾರ್ಡನ್ನು ತಕ್ಷಣ ಮುಚ್ಚಿಸಿ ಎಂದು ಊರಿಗೆಲ್ಲ ಹೇಳುವವಳು ನಾನು. ತೀರಿಕೊಂಡವರ ಕಾರ್ಡನ್ನು ಕೂಡಲೇ ತಿಳಿಸಿ ರದ್ದು ಮಾಡಿಸಬೇಕೆಂಬುದೂ ಗೊತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ. "ಅವರು ಊರಿಗೆ ಹೋಗಿದಾರೆ ಕಣಮ್ಮ." ಹುಡುಗಿ ಪಾಪ ಒಳ್ಳೆಯವಳು. "ಬಂದ ಮೇಲೆ ಒಂದ್ಸಲ ಬಳಸೋಕೆ ಹೇಳಿ ಮೇಡಂ. ಮೂವತ್ತು ದಿನದಲ್ಲಿ ಬಳಸದಿದ್ರೆ ನಾವೇ ಮುಚ್ಚಿಬಿಡ್ತೀವಿ." ಬಂದ ಮೇಲೆ ಎಂಬ ಮಾತನ್ನು ನಾನು ದಿನವೆಲ್ಲ ಬಾಯಲ್ಲಿ ಆಡಿಸಿಕೊಂಡಿದ್ದೆ.

ಇಪ್ಪತ್ತೊಂಬತ್ತನೆಯ ದಿನ ದೇವರ ಗೂಡಿನಿಂದ ಕಾರ್ಡು ತೆಗೆದೆ. ಬುದ್ಧಿ ಹೇಳಿತು, ಕಿರಾಣಿ ಅಂಗಡಿಯಲ್ಲಿ ಬೇಳೆ ಕೊಂಡು ಉಜ್ಜು, ಒಂದು ಪೈಸೆ ಶುಲ್ಕವಿಲ್ಲ. ಕಾಲು ಎಟಿಎಮ್ಮಿನ ಕಡೆ ಹೋಯಿತು. ಬೇರೆ ರೀತಿ ಕಾರ್ಡು ಬಳಸುವುದು ನಮ್ಮತ್ತೆಗೆ ಗೊತ್ತಿರಲಿಲ್ಲವಲ್ಲ. ಮೊದಲ ಸಲ ಯಂತ್ರ ಕಾರ್ಡನ್ನು ಉಗುಳಿತು. ಕುಂಕುಮವನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಬಸ್ಸಿನ ನಂಬರು ಒತ್ತಿದೆ. ಯಂತ್ರ ಮೊತ್ತ ಕೇಳಿತು, ರಸೀತಿ ಬೇಕೇ ಎಂದಿತು. ಯಾತಕ್ಕೆ ಎಂದು ಕೇಳಲಿಲ್ಲ. ಮನೆಗೆ ಬಂದು ನೋಟನ್ನು ಹಳೆಯ ಲಕೋಟೆಗೆ, ರೂಪಾಯಿ ಬಿಲ್ಲೆಯ ಪಕ್ಕ ಸೇರಿಸಿದೆ. ಆವತ್ತು ಶುಕ್ರವಾರ. ಲಕ್ಷ್ಮಿ ಬಂದದ್ದು, ಹೋದದ್ದಲ್ಲ, ಆದ್ದರಿಂದ ಅತ್ತೆಯ ಕಡೆಯಿಂದ ಆಕ್ಷೇಪಣೆ ಇರಲಾರದು.

ಬಿಲ್ಲು ಬಂತು. ಕಚೇರಿಯಲ್ಲಿ ಅದನ್ನು ಬಿಚ್ಚಿಕೊಂಡು ಕೂತಿದ್ದಾಗ ಮಂಜುಳ ಹಿಂದಿನಿಂದ ಇಣುಕಿದಳು. ಐನೂರು ರೂಪಾಯಿ ನಗದು, ಐನೂರು ಶುಲ್ಕ, ಬಡ್ಡಿ, ತೆರಿಗೆ. ಅವಳ ಬಾಯಿ ಬಿಟ್ಟದ್ದು ಬಿಟ್ಟಂತೆಯೇ ಇತ್ತು. "ಮೇಡಂ! ಎಟಿಎಮ್ಮಲ್ಲಿ ತೆಗೆದ್ರಾ? ನೀವಾ? ಯಾತಕ್ಕೆ ಮೇಡಂ?"

"ಮಿಷನ್ನೇ ಕೇಳಲಿಲ್ಲ, ನೀನ್ಯಾಕೆ ಕೇಳ್ತೀಯೆ? ಹೋಗಿ ನಿನ್ನ ಬಡ್ಡಿ ನೋಡ್ಕೋ" ಎಂದು ರೇಗಿದೆ. ಅವತ್ತಿನ ಕಾಫಿ ನಾನೇ ಕೊಡಿಸಬೇಕಾಯಿತು. ಬಿಲ್ಲು ಕಟ್ಟುವ ಕಡೆಯ ದಿನ ಮತ್ತೆ ಶುಕ್ರವಾರವೇ ಬಿದ್ದಿತ್ತು. ನಾನು ಗುರುವಾರವೇ ಕಟ್ಟಿದೆ.