ತೋಳದ ಕಾಡಿನ ಬಾಗಿಲಲ್ಲಿ ನಮ್ಮ ಮಾವ

"ಹೊಸಬರು ಈ ಆಟ ಆಡೋದು ಈ ಜನ್ಮದಲ್ಲಿ ಆಗೋದಿಲ್ಲಮ್ಮ" ಎಂದು ನಾನು ಮಾಡಿದ ಕಂಪ್ಯೂಟರ್ ಆಟ ನೋಡಿ ಹೇಳಿದವರು ಚಾಮರಾಜನಗರದ ನಮ್ಮ ಕಾಲೇಜಿನ ಪ್ರಾಜೆಕ್ಟ್ ಗೈಡು. ಪಾಪ, ಅವರು ನಮ್ಮ ಸೋದರಮಾವನನ್ನು ನೋಡಿರಲಿಲ್ಲ! ದಾರಿ ಕೇಳಿದವರನ್ನು ಕೈಬಿಟ್ಟು ಗೊತ್ತಿಲ್ಲದ ಪ್ರಾಣಿ ಅದು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಚೀಲ ಹಿಡಿದು ಅತ್ತಿತ್ತ ನೋಡಿದರೆ ಸಾಕು, ಮಾವ ಹಾಜರು. "ಯಾವೂರ್ಗೆ ಸ್ವಾಮಿ?" ಬಸ್ಸು ತೋರಿಸಿ, ಸೀಟು ಹಿಡಿದುಕೊಟ್ಟು, "ಇವ್ರು ಹೊಸಬ್ರು, ಸರ್ಯಾಗಿ ಇಳ್ಸಿ" ಎಂದು ಕಂಡಕ್ಟರಿಗೆ ಒಪ್ಪಿಸಿದರೇ ಸಮಾಧಾನ. ಒಮ್ಮೆ ಊಟಿಗೆ ಹೊರಟ ಅಜ್ಜಿಯೊಬ್ಬಳನ್ನು ಹತ್ತಿಸಲು ಹೋಗಿ, ಮಾತಾಡುತ್ತಾ ತಾನೂ ಬಸ್ಸಿನಲ್ಲೇ ಉಳಿದ. ಉಪ್ಪು ತರಲು ಹೋದವನು ಸಂಜೆಗೆ ಊಟಿ ಕ್ಯಾರೆಟ್ ಹಿಡಿದು ಬಂದ! ಅತ್ತೆ ಬಿಟ್ಟಾಳೆಯೇ? "ನಾಳೆ ಕೇರಳದೋರು ಯಾರಾರ ಸಿಕ್ರೆ ತೆಂಗಿನೆಣ್ಣೆ ತಂದ್ಬುಡಿ!"

ಇನ್ನು ನನ್ನ ಪಾಡು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವರೇ ಇಲ್ಲ. ಪ್ರಾಜೆಕ್ಟ್ ಫೇಲಾದರೆ ನನಗೂ ಡಿಗ್ರಿ ಇಲ್ಲ. ಇಂಟರ್ನೆಟ್ಟಿನಲ್ಲಿ ಹತ್ತಾರು ಜನ ಸೇರಿ ಆಡುವ ಆಟವೊಂದನ್ನು ಮಾಡಿದ್ದೆ. ಒಬ್ಬರು ಸೈನಿಕ, ಒಬ್ಬರು ವೈದ್ಯ, ಹೀಗೆ ವೇಷ ತೊಟ್ಟು ಕಾಡು ದಾಟಬೇಕು. ಹಳಬರು ಸಲೀಸಾಗಿ ದಾಟುತ್ತಿದ್ದರು. ಹೊಸಬರು ಮಾತ್ರ ಬಾಗಿಲು ದಾಟಿದ ಎರಡೇ ನಿಮಿಷಕ್ಕೆ ತೋಳದ ಬಾಯಿಗೆ! ನಲವತ್ತು ಪುಟದ ಕೈಪಿಡಿ ಬರೆದೆ. ತೋಳ ಬೇಕಾದರೆ ಓದಿತೇನೋ, ಹೊಸಬರು ಓದಲಿಲ್ಲ. ಗೈಡು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಪರೀಕ್ಷಕರೇ ಆಡ್ತಾರೆ. ಅವರು ಕಾಡು ದಾಟಿದ್ರೆ ಪಾಸು."

ಪ್ರಯೋಗಕ್ಕೆ ಅಪ್ಪಟ ಹೊಸಬರು ಬೇಕಿತ್ತು. ಮಾವನಿಗಿಂತ ಹೊಸಬ ಎಲ್ಲಿ ಸಿಕ್ಕಾನು? ಗುಂಡ್ಲುಪೇಟೆಯ ಇಂಟರ್ನೆಟ್ ಸೆಂಟರಿನಲ್ಲಿ ಕೂರಿಸಿ ಬಂದೆ. ಏಳನೇ ಕ್ಲಾಸಿನವರೆಗೆ ಕಲಿತ ಇಂಗ್ಲಿಷ್ ಅಕ್ಷರಗಳಲ್ಲೇ ಒಂದೊಂದಾಗಿ ಕನ್ನಡ ಕುಟ್ಟುತ್ತಿದ್ದ. ಆಟದಲ್ಲಿ ಹನ್ನೊಂದು ಸಲ ಸತ್ತು, ಪ್ರತಿ ಸಲವೂ ಬಾಗಿಲಲ್ಲೇ ಮತ್ತೆ ಹುಟ್ಟಿ, ತೋಳ ಅಡಗುವ ಜಾಗಗಳನ್ನೆಲ್ಲ ಕಲಿತ. ಹನ್ನೆರಡನೇ ಸಲ ಬಾಗಿಲು ಬಿಟ್ಟು ಕದಲಲೇ ಇಲ್ಲ. ಕಾಲೇಜಿನ ಲ್ಯಾಬಿನಿಂದ ಫೋನು ಮಾಡಿದೆ.

"ಮುಂದಕ್ಕೆ ಹೋಗು ಮಾವ!"

"ನಾನು ಓಗ್ಬುಟ್ರೆ ಬಂದೋರ್ಗೆ ಯಾರಮ್ಮಿ ಏಳೋರು? ಈಗ್ತಾನೆ ಇಬ್ರ ದಾಟಿಸ್ದೆ ಕಣಮ್ಮಿ!"

ಹೌದು, ನಮ್ಮ ಲ್ಯಾಬಿನಲ್ಲಿ ಹೊಸದಾಗಿ ಕೂತಿದ್ದ ಇಬ್ಬರು ಹುಡುಗಿಯರು ಕಾಡಿನಾಚೆ ಕುಣಿಯುತ್ತಿದ್ದರು!

ಅವತ್ತೇ ಕೈಪಿಡಿ ಹರಿದೆ. ಆಟಕ್ಕೆ ಇನ್ನೊಂದು ವೇಷ ಸೇರಿಸಿದೆ: ದಾರಿ ತೋರುವವರು. ಹೊಸಬರನ್ನು ಜೀವಂತ ದಾಟಿಸಿದರೆ ತೋಳ ಕೊಂದದ್ದಕ್ಕಿಂತ ದುಪ್ಪಟ್ಟು ಅಂಕ. ಒಂದೇ ವಾರ, ಶೂರರೆಲ್ಲ ಕತ್ತಿ ಬಿಸಾಡಿ ಬಾಗಿಲಿಗೆ ಬಂದು ನಿಂತರು!

ಪರೀಕ್ಷೆಯ ದಿನ. ಕಂಪ್ಯೂಟರಿನಲ್ಲಿ ಇಸ್ಪೀಟನ್ನೂ ಆಡದ ಪರೀಕ್ಷಕರು ಕುಳಿತರು. ಬಾಗಿಲಲ್ಲಿ ಅವತ್ತೂ ಮಾವನೇ. ಪರದೆಯ ಮೇಲೆ ಅಕ್ಷರ ಮೂಡಿತು: "ಯಾವೂರು ಸ್ವಾಮಿ? ಊಟ ಆಯ್ತಾ? ನನ್ನಿಂದೆ ಬನ್ನಿ."

ಅರ್ಧ ದಾರಿಯಲ್ಲಿ, ಸೇತುವೆಯ ಹತ್ತಿರ, ತೋಳ ಹಾರಿತು. ಮಾವ ಅಡ್ಡ ನಿಂತು ಸತ್ತ. "ಅಯ್ಯೋ!" ಎಂದು ಪರೀಕ್ಷಕರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಹುಟ್ಟಿದ ಮಾವನ ಮಾತು ಬಂತು: "ನನ್ ಬುಡಿ, ನೀವು ಸೇತ್ವೆ ದಾಟಿ!"

ದಾಟಿದರು! ಗೈಡು ನನ್ನ ಕಡೆ ತಿರುಗಿದರು. "ದಾಟಿಸಿದ್ದು ನಿನ್ನ ಪ್ರೋಗ್ರಾಮೋ, ನಿಮ್ಮ ಮಾವನೋ?"

"ಅಂಥವರು ಬಾಗಿಲಲ್ಲೇ ನಿಲ್ಲೋ ಹಾಗೆ ಮಾಡಿದ್ದು ನನ್ನ ಪ್ರೋಗ್ರಾಮು ಸಾರ್" ಎಂದೆ. ಪರೀಕ್ಷಕರು ನಗುತ್ತಾ ಸಹಿ ಹಾಕಿದರು.

ಸರ್ಟಿಫಿಕೇಟು ಕೈಗೆ ಬಂದ ದಿನ ಅವ್ವ, ಮಾವ ಇಬ್ಬರೂ ಕಾಲೇಜಿಗೆ ಬಂದಿದ್ದರು. ಅದನ್ನು ಮಾವನ ಕಡೆ ಚಾಚಿದೆ. ಅವನು ಮುಟ್ಟಲಿಲ್ಲ. ನನ್ನ ಕೈ ಹಿಡಿದು ಅವ್ವನತ್ತ ತಿರುಗಿಸಿದ.

"ಅಕ್ಕುಂಗೆ ಕೊಡಮ್ಮಿ. ನಮ್ಮಪ್ಪ ಇಬ್ರುನ್ನೂ ಓದ್ಸಕ್ಕಾಗಲ್ಲ ಅಂದಾಗ ಇಸ್ಕೂಲು ಬುಟ್ಟು ದನ ಕಾದೋಳು ಅವ್ಳು. ನಾನು ಅಕ್ಸರ ಕಲ್ತ ಸ್ಲೇಟು ಅವಳ್ದು ಕಣಮ್ಮಿ."